ಹೊಗೆಯಿಂದ ಬೆಂದ ಶ್ವಾಸನಾಳಕ್ಕೆ ಎಚ್‌ಎಂಇ ಫಿಲ್ಟರೋ, ಬಿಸಿ ಹ್ಯೂಮಿಡಿಫೈಯರೋ?

ಬೆಂಕಿಯ ಹೊಗೆಯಿಂದ ಶ್ವಾಸನಾಳ ಬೆಂದ ರೋಗಿಗಾಗಿ ವೆಂಟಿಲೇಟರ್ ಸಜ್ಜುಗೊಳಿಸುವ ನಮ್ಮ ಕಾಸರಗೋಡಿನ ಆಸ್ಪತ್ರೆಗಳು ಮೊದಲು ತೀರ್ಮಾನಿಸಬೇಕಾದದ್ದು ಗಾಳಿಗೆ ತೇವ ಕೊಡುವ ವಿಧಾನವನ್ನು. ಎಚ್‌ಎಂಇ ಫಿಲ್ಟರ್ ಎಂದರೆ ರೋಗಿ ಹೊರಬಿಟ್ಟ ಉಸಿರಿನ ಬಿಸಿ, ತೇವಗಳನ್ನು ಹಿಡಿದಿಟ್ಟು ಒಳಹೋಗುವ ಗಾಳಿಗೆ ಮರಳಿಸುವ ಸಾಧನ. ಅದು ಅಗ್ಗ, ಅದಕ್ಕೆ ವಿದ್ಯುತ್ತೂ ನೀರೂ ಬೇಡ. ರೋಗಿಯನ್ನು ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಸಾಗಿಸುವಷ್ಟು ಹೊತ್ತಿಗೆ ಅದೇ ಅನುಕೂಲ. ಆದರೆ ಇಂಥವರ ಟ್ಯೂಬಿನಿಂದ ಹೀರಿ ತೆಗೆದ ಕಫವನ್ನು ಒಮ್ಮೆ ಕಂಡವರಿಗೆ ಅದರ ಮಿತಿ ತಿಳಿಯುತ್ತದೆ: ಮಸಿ ಬೆರೆತು ಕಪ್ಪಾದ, ಕೆಲವೊಮ್ಮೆ ರಕ್ತದ ಎಳೆಗಳಿರುವ ಆ ಅಂಟುಕಫ ಫಿಲ್ಟರಿಗೆ ಮೆತ್ತಿಕೊಂಡರೆ ಉಸಿರಿನ ದಾರಿಯೇ ಕಟ್ಟಿಹೋಗುತ್ತದೆ.

ಬಿಸಿ ಹ್ಯೂಮಿಡಿಫೈಯರ್ ಗಾಳಿಯನ್ನು 37 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಲೀಟರಿಗೆ ಸುಮಾರು 44 ಮಿಲಿಗ್ರಾಂ ತೇವ ಕೊಡಬಲ್ಲದು. ಎಚ್‌ಎಂಇಯಿಂದ ಸಿಗುವುದು ಸಾಮಾನ್ಯವಾಗಿ 30ರ ಆಸುಪಾಸು. ಆದ್ದರಿಂದ ಬೆಲೆ ಹೆಚ್ಚಾದರೂ ಐಸಿಯುವಿಗೆ ಬಿಸಿ ಹ್ಯೂಮಿಡಿಫೈಯರನ್ನೇ ಕೊಳ್ಳಬೇಕೆಂಬುದು ನನ್ನ ದೃಢ ಅಭಿಪ್ರಾಯ. ಇದಕ್ಕೆ ಕಾವಲು ಬೇಕು, ನಿಜ: ಪಾತ್ರೆಯ ನೀರು ಬತ್ತಬಾರದು, ಕೊಳವೆಯಲ್ಲಿ ತಂಗಿದ ನೀರು ರೋಗಿಯ ಕಡೆಗೆ ಹರಿಯಬಾರದು, ಮಳೆಗಾಲದಲ್ಲಿ ಕರೆಂಟು ಹೋದರೆ ಯುಪಿಎಸ್ ಇರಬೇಕು. ಎರಡನ್ನೂ ಒಟ್ಟಿಗೆ ಜೋಡಿಸುವುದಂತೂ ಅಪಾಯ, ಏಕೆಂದರೆ ಎಚ್‌ಎಂಇ ನೀರು ಕುಡಿದು ಮುಚ್ಚಿಕೊಳ್ಳುತ್ತದೆ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಔಷಧಿಯನ್ನು ಮಂಜಿನ ರೂಪದಲ್ಲಿ ಉಸಿರಿನೊಡನೆ (ನೆಬ್ಯುಲೈಸೇಶನ್) ಕೊಡುವುದಾದರೆ ಉಸಿರು ಹೊರಹೋಗುವ ಕಡೆಯ ಫಿಲ್ಟರೂ ಕಟ್ಟಿಕೊಳ್ಳಬಹುದು. ಬದಲಿ ಫಿಲ್ಟರು ಹಾಸಿಗೆಯ ಬಳಿಯಲ್ಲೇ ಇರಲಿ.