ಆರುನೂರು ರೂಪಾಯಿಯ 'ಲೈಟ್' ಹನ್ನೊಂದು: ಹಳೆ ಕಂಪ್ಯೂಟರ್ ಇರುವವರು ದಯವಿಟ್ಟು ಓದಿ

ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ನಿಂತದ್ದು 2025ರ ಅಕ್ಟೋಬರ್ 14ಕ್ಕೆ. ಅಲ್ಲಿಂದೀಚೆಗೆ ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆ ಒಂದೇ ಮಾತು ಕಿವಿಗೆ ಬೀಳ್ತಾ ಉಂಟು: "ಹತ್ತು ಮುಗೀತು, ಹನ್ನೊಂದು ಹಾಕಿಸಿ. ಸಿಸ್ಟಮ್ ಹಳತಾದರೂ ಅಡ್ಡಿಲ್ಲ, ಲೈಟ್ ವರ್ಶನ್ ಉಂಟು." ಈ ಲೈಟ್ ಎಂಬ ಸಾಮಾನು ನನ್ನ ಸೋದರಮಾವನ ಮನೆಯಲ್ಲಿ ಏನು ಮಾಡಿತೆಂದು ಬರೆಯದಿದ್ದರೆ ಇನ್ನೂ ಹತ್ತು ಮನೆ ಹಾಳಾದೀತು. ಅಂಗಡಿಯ ಹೆಸರು ಕೇಳಬೇಡಿ, ಹೇಳುವುದಿಲ್ಲ. ಅಂಥವು ಒಂದಲ್ಲ.

ಮಾವ ತಾಳಮದ್ದಳೆಯ ಹವ್ಯಾಸಿ ಅರ್ಥಧಾರಿ. ಅವರ ಕಂಪ್ಯೂಟರಿನಲ್ಲಿ ಇದ್ದದ್ದು ಮೂರು ಬಗೆ: ಊರೂರಿನ ಕೂಟಗಳ ಎಂಪಿ3 ರೆಕಾರ್ಡಿಂಗುಗಳು, ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ತಾವೇ ಟೈಪು ಮಾಡಿದ ಅರ್ಥದ ಟಿಪ್ಪಣಿಗಳು, ಮತ್ತೆ ದೇವಸ್ಥಾನದ ಜಾತ್ರೆಯ ಆಮಂತ್ರಣ, ಲೆಕ್ಕಪತ್ರ. ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ್‍ಯಾಮ್, ಗಿರಗಿರ ತಿರುಗುವ ಹಳೆಯ ಹಾರ್ಡ್ ಡಿಸ್ಕ್. ವಿಂಡೋಸ್ 8.1 ಜೊತೆ ಬಂದದ್ದು, ಮುಂದೆ ಉಚಿತವಾಗಿ 10 ಆಗಿತ್ತು. ಎಲ್ಲ ಸರಿ ಇತ್ತು, ನಿಧಾನ ಮಾತ್ರ. ಸ್ವಿಚ್ ಹಾಕಿ ಒಂದು ಕವಳ ಹಾಕಿ ಮುಗಿಸಿದರೂ ಡೆಸ್ಕ್‌ಟಾಪ್ ಬರುತ್ತಿರಲಿಲ್ಲ.

2022ರ ಕೊನೆಗೆ ಅದನ್ನು ಹೊತ್ತುಕೊಂಡು ಪೇಟೆಗೆ ಹೋದರು. ಅಂಗಡಿಯ ಹುಡುಗ ನೋಡಿದ್ದೇ ಹೇಳಿದ, "ಅಂಕಲ್, ಹತ್ತು ಹಳತಾಯ್ತು, ಅದಕ್ಕೇ ಸ್ಲೋ." ಇದು ಮೊದಲನೇ ಸುಳ್ಳು. ಆಗ ವಿಂಡೋಸ್ 10ಕ್ಕೆ ಇನ್ನೂ ಎರಡು ವರ್ಷಕ್ಕಿಂತ ಹೆಚ್ಚು ಅಪ್‌ಡೇಟ್ ಬಾಕಿ ಇತ್ತು. ನಿಧಾನಕ್ಕೆ ಕಾರಣ ಆ ಹಾರ್ಡ್ ಡಿಸ್ಕ್. ಅದನ್ನು ತೆಗೆದು, ತಿರುಗುವ ಭಾಗ ಇಲ್ಲದ ವೇಗದ ಡಿಸ್ಕ್ ಆದ ಒಂದು ಎಸ್‌ಎಸ್‌ಡಿ ಹಾಕಿದ್ದರೆ ಅದೇ ಯಂತ್ರ, ಅದೇ ವಿಂಡೋಸ್ ಲಗುಬಗೆಯಿಂದ ಓಡುತ್ತಿತ್ತು. ಆದರೆ ಆರುನೂರು ರೂಪಾಯಿಗೆ ಹೊಸತು ಸಿಗುವಾಗ ಎಸ್‌ಎಸ್‌ಡಿ ಯಾರಿಗೆ ಬೇಕು?

ವಿಂಡೋಸ್ 11ಕ್ಕೆ ಕಂಪೆನಿಯೇ ಹೇಳಿದ ಅರ್ಹತೆ ಉಂಟು: ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಆಮೇಲಿನದು, ಟಿಪಿಎಂ 2.0 ಎಂಬ ಭದ್ರತಾ ಚಿಪ್, ಸೆಕ್ಯೂರ್ ಬೂಟ್, 4 ಜಿಬಿ ರ್‍ಯಾಮ್, 64 ಜಿಬಿ ಜಾಗ. ಮಾವನ ಐ3 ಈ ಬಾಗಿಲಿನ ಹತ್ತಿರವೂ ಸುಳಿಯುವಂಥದ್ದಲ್ಲ. ತಪಾಸಣೆಯನ್ನು ದಾಟಿಸಿ ಹಾಕಲಿಕ್ಕೆ ಉಪಾಯ ಉಂಟು, ಸುಳ್ಳಲ್ಲ. ಆದರೆ ಹಾಗೆ ಹಾಕಿದ್ದಕ್ಕೆ ಅಪ್‌ಡೇಟ್ ಕೊಡುತ್ತೇವೆಂಬ ಭರವಸೆ ಮೈಕ್ರೋಸಾಫ್ಟ್ ಕೊಡುವುದಿಲ್ಲ. ಅಂಗಡಿಯವರು ಹಾಕಿದ್ದಾದರೋ ಇನ್ನೂ ಒಂದು ಹೆಜ್ಜೆ ಮುಂದೆ. 'ವಿಂಡೋಸ್ 11 ಲೈಟ್' ಎಂಬುದನ್ನು ಮೈಕ್ರೋಸಾಫ್ಟ್ ಬಿಡುಗಡೆ ಮಾಡಿಯೇ ಇಲ್ಲ. ಎಲ್ಲಿಯದೋ ಯಾರೋ ಅಸಲಿ ವಿಂಡೋಸಿನ ಅಂಗಾಂಗ ಕತ್ತರಿಸಿ ಅಂತರಜಾಲಕ್ಕೆ ಎಸೆದದ್ದು ಅದು. ಹಗುರ ಆಗಲೆಂದು ಇದರಲ್ಲಿ ಕತ್ತರಿಸಿದ್ದು ಯಾವುದನ್ನು ಗೊತ್ತೇ? ವೈರಸ್ ತಡೆಯುವ ಡಿಫೆಂಡರನ್ನು, ಮತ್ತೆ ಅಪ್‌ಡೇಟ್ ವ್ಯವಸ್ಥೆಯನ್ನು. ಮನೆ ಹಗುರ ಆಗಲೆಂದು ಬಾಗಿಲು, ಚಿಲಕ ಕಿತ್ತು ಮಾರಿದರಂತೆ!

ಅದರ ಮೇಲೆ ಲೈಸೆನ್ಸಿಗೆ ಒಂದು ಆಕ್ಟಿವೇಟರ್, ಅಂದರೆ ಲೈಸೆನ್ಸ್ ಕೊಳ್ಳದೆಯೇ ಕೊಂಡಂತೆ ವಿಂಡೋಸನ್ನು ನಂಬಿಸುವ ಪ್ರೋಗ್ರಾಮ್. ಈ ಕಳ್ಳ ಆಕ್ಟಿವೇಟರುಗಳಲ್ಲಿ ಬಹಳಷ್ಟು ಕೆಲಸ ಮಾಡುವುದು ದೊಡ್ಡ ಸಂಸ್ಥೆಗಳಿಗೆಂದು ಇರುವ ಕೆಎಂಎಸ್ ವಿಧಾನವನ್ನು ನಕಲು ಮಾಡಿ. ಅದರ ಆಯುಷ್ಯ 180 ದಿನ, ನಡುವೆ ನವೀಕರಣ ಆಗದಿದ್ದರೆ ಮುಗಿಯಿತು. ಮಾವನಲ್ಲೂ ಹಾಗೇ ಆಯಿತು. ಪರದೆಯ ಬಲಮೂಲೆಯಲ್ಲಿ 'ಆಕ್ಟಿವೇಟ್ ವಿಂಡೋಸ್' ಎಂಬ ಮಸುಕು ಅಕ್ಷರ ಕಾಣಿಸಿಕೊಂಡಾಗ ಅಂಗಡಿಗೆ ಫೋನ್ ಮಾಡಿದ್ದಾರೆ.

"ಅಂಕಲ್, ಸಣ್ಣ ವಿಷಯ ಅದು. ವಾಟ್ಸಾಪಿಗೆ ಲಿಂಕ್ ಕಳಿಸ್ತೇನೆ, ಡೌನ್‌ಲೋಡ್ ಮಾಡಿ ಡಬಲ್ ಕ್ಲಿಕ್ ಮಾಡಿ. ಆಂಟಿವೈರಸ್ ಇದ್ರೆ ಆಫ್ ಮಾಡಿ."

ಆಫ್ ಮಾಡಲಿಕ್ಕೆ ಅಲ್ಲಿ ಆಂಟಿವೈರಸ್ಸೇ ಇರಲಿಲ್ಲವಲ್ಲ. ಡಬಲ್ ಕ್ಲಿಕ್ ಮಾಡಿದ ಸ್ವಲ್ಪ ಹೊತ್ತಿಗೆ ಒಂದು ಕಿಟಕಿ ತೆರೆಯಿತಂತೆ: ವಿಂಡೋಸ್ ಅಪ್‌ಡೇಟ್ ಆಗುತ್ತಿದೆ, ಕಂಪ್ಯೂಟರ್ ಆಫ್ ಮಾಡಬೇಡಿ. ಥೇಟ್ ಅಸಲಿಯ ಹಾಗೆ. ಮಾವ ಆಫ್ ಮಾಡಲಿಲ್ಲ, ಚಹಾ ಕುಡಿಯಲಿಕ್ಕೆ ಎದ್ದುಹೋದರು. ಆ ಕಿಟಕಿಯ ಹಿಂದೆ ಫೈಲುಗಳಿಗೆ ಒಂದೊಂದಾಗಿ ಬೀಗ ಬೀಳುತ್ತಿತ್ತು. ಸಂಜೆ ನನಗೆ ಫೋನ್ ಬಂತು: "ಮಾಣೀ, ನನ್ನ ಕೂಟ ಒಂದೂ ತೆರೆಯುವುದಿಲ್ಲ. ಎಲ್ಲದರ ಹೆಸರಿನ ಬಾಲದಲ್ಲಿ ನಾಲ್ಕು ಅಕ್ಷರ ಸೇರಿಕೊಂಡಿದೆ, ಎಂತ ಅದು?"

ಹೋಗಿ ನೋಡಿದರೆ ಪ್ರತಿ ಫೋಲ್ಡರಿನಲ್ಲೂ 'ರೀಡ್‌ಮಿ' ಎಂಬ ಒಂದು ಓಲೆ. 980 ಡಾಲರ್ ಕೊಟ್ಟರೆ ಕೀಲಿ ಕೊಡುತ್ತೇವೆ, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧ ರಿಯಾಯಿತಿ, 490. ದರೋಡೆಯಲ್ಲೂ ಡಿಸ್ಕೌಂಟ್ ಮಾರಾಯ್ರೆ! ಇದು ಸ್ಟಾಪ್ ಅಥವಾ ಡಿಜೆವಿಯು ಎಂದು ಕರೆಯುವ, ಫೈಲಿಗೆ ಬೀಗ ಜಡಿದು ಹಣ ಕೇಳುವ ರ್‍ಯಾನ್ಸಮ್‌ವೇರ್. ದೊಡ್ಡ ಕಂಪೆನಿಗಳ ತಂಟೆಗೆ ಹೋಗುವ ಜಾತಿಯದಲ್ಲ. ಕ್ರ್ಯಾಕ್, ಆಕ್ಟಿವೇಟರ್ ಹುಡುಕುವ ಮನೆಮಂದಿಯನ್ನೇ ಹಿಡಿಯುವುದು. ಬ್ಯಾಕಪ್ ಎಂದು ಮಾವ ಇಟ್ಟುಕೊಂಡಿದ್ದ ಪೆನ್‌ಡ್ರೈವ್ ಆ ಹೊತ್ತಿಗೆ ಚುಚ್ಚಿಯೇ ಇತ್ತು. ಅದೂ ಹೋಯಿತು.

ಇಂಥದ್ದು ಆದವರಿಗಾಗಿ ಕೆಲವು ಮಾತು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಂಟರ್ನೆಟ್ ಮೊದಲು ತಪ್ಪಿಸಿ. ಬ್ರೌಸರಿನಲ್ಲಿ ಉಳಿಸಿದ್ದ ಪಾಸ್‌ವರ್ಡುಗಳನ್ನೆಲ್ಲ ಬೇರೊಂದು ಮೊಬೈಲಿನಿಂದ ಬದಲಿಸಿ, ಏಕೆಂದರೆ ಈ ಮಾಲಿನ ಜೊತೆಗೆ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮೂ ಬರುವುದುಂಟು. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮುಖ್ಯವಾಗಿ, ಫಾರ್ಮ್ಯಾಟ್ ಮಾಡಲಿಕ್ಕೆ ಬಿಡಬೇಡಿ. ನಮ್ಮ ಅಂಗಡಿಯವರು "ವೈರಸ್ ಬಂದ್ರೆ ನಾವೆಂತ ಮಾಡುದು? ನಾನ್ನೂರು ಕೊಡಿ, ಫಾರ್ಮ್ಯಾಟ್ ಮಾಡಿ ಕೊಡ್ತೇವೆ" ಎಂದಿದ್ದರು. ಬಿಲ್ಲೇ ಇಲ್ಲದ ವ್ಯಾಪಾರ, ಜಗಳಕ್ಕೂ ದಾರಿ ಇಲ್ಲ. ಡಿಸ್ಕ್ ಹಾಗೇ ತೆಗೆದಿಡಿ. ಬೀಗ ಹಾಕುವ ಹೊತ್ತಿಗೆ ಆ ವೈರಸ್ಸಿಗೆ ಕಳ್ಳರ ಸರ್ವರ್ ಸಿಗದೇ ಇದ್ದರೆ ಅದು ಎಲ್ಲರಿಗೂ ಒಂದೇ ಕೀಲಿ ಬಳಸಿರುತ್ತದೆ. ಅಂಥ ಕೆಲವು ಕೀಲಿಗಳು ಎಮ್ಸಿಸಾಫ್ಟ್ ಎಂಬ ಭದ್ರತಾ ಕಂಪೆನಿ ಕೊಡುವ ಉಚಿತ ಬಿಡಿಸುವ ತಂತ್ರಾಂಶದಲ್ಲಿ ಉಂಟು. ಮಾವನದು ಸರ್ವರ್ ಸಿಕ್ಕಿದ ಪ್ರಕರಣ, ಅದರಿಂದ ಪ್ರಯೋಜನ ಆಗಲಿಲ್ಲ.

ಆದರೆ ಈ ರ್‍ಯಾನ್ಸಮ್‌ವೇರಿಗೆ ಒಂದು ಸೋಮಾರಿತನ ಉಂಟು. ಬೇಗ ಮುಗಿಸುವ ಅವಸರಕ್ಕೆ ಪ್ರತಿ ಫೈಲಿನ ಮೊದಲ 150 ಕೆಬಿಗೆ ಮಾತ್ರ ಬೀಗ ಹಾಕುತ್ತದೆ, ಉಳಿದದ್ದನ್ನು ಮುಟ್ಟುವುದಿಲ್ಲ. ಸಾಧಾರಣ 128 ಕೆಬಿಪಿಎಸ್‌ನ ಎಂಪಿ3ಯಲ್ಲಿ 150 ಕೆಬಿ ಎಂದರೆ ಹತ್ತು ಸೆಕೆಂಡೂ ಇಲ್ಲ. ಪ್ರತಿ ಮಾಡಿಕೊಂಡು, ಬಾಲದ ಅಕ್ಷರ ತೆಗೆದು ವಿಎಲ್‌ಸಿಯಲ್ಲಿ ಹಾಕಿದಾಗ ಎರಡು ಗಂಟೆಯ ಕೂಟ ಭಾಗವತರು ಗಂಟಲು ಸರಿಮಾಡಿಕೊಂಡದ್ದಷ್ಟನ್ನು ಬಿಟ್ಟು ಪೂರಾ ಕೇಳಿಸಿತು. ರೆಕಾರ್ಡಿಂಗುಗಳು ಹೀಗೆ ಉಳಿದವು. ಅರ್ಥದ ಟಿಪ್ಪಣಿಗಳಿಗೆ ಆ ಭಾಗ್ಯ ಇಲ್ಲ: ಒಂದೊಂದು ಫೈಲೂ ನಲವತ್ತು ಐವತ್ತು ಕೆಬಿಯದು, ಪೂರ್ತಿ ಬೀಗದೊಳಗೇ ಸೇರಿತ್ತು. ಪ್ರೆಸ್ಸಿಗೆಂದು ಮಾವ ಯಾವಾಗಲೋ ಈಮೇಲ್ ಮಾಡಿದ್ದ ಕೆಲವು ಪಿಡಿಎಫ್ ಮಾತ್ರ ಸಿಕ್ಕಿತು. ಅದೂ ಹಳೆ ನುಡಿ ಫಾಂಟಿನದು. ಕಣ್ಣಿಗೆ ಕನ್ನಡ, ಕಾಪಿ ಮಾಡಿದರೆ ತಲೆಬುಡ ಇಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಇವೆ, ಅರ್ಕಾವತ್ತು ಇರುವಲ್ಲೆಲ್ಲ ಕೂತು ತಿದ್ದಬೇಕು. ನುಡಿ, ಬರಹದ ಹಳೆ ಫಾಂಟಿನಲ್ಲಿ ಫೈಲು ಇಟ್ಟುಕೊಂಡವರು ಆಪರೇಟಿಂಗ್ ಸಿಸ್ಟಮ್ ಬದಲಿಸುವ ಮೊದಲು ಈ ಕೆಲಸ ಮುಗಿಸುವುದು ಒಳ್ಳೆಯದು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ನಿಮ್ಮ ಕನ್ನಡ ನಿಮಗೇ ಕಾಣುವುದಿಲ್ಲ.

ಹಾಗಾದರೆ ಹಳೆ ಯಂತ್ರಕ್ಕೆ ಎಂತ ಹಾಕುವುದು? ವಿಂಡೋಸ್ 7ಕ್ಕೇ ಅಂಟಿಕೊಂಡವರು ಇನ್ನೂ ಇದ್ದಾರೆ. 2020ರ ಜನವರಿಗೇ ಅದರ ಅಪ್‌ಡೇಟ್ ನಿಂತಿದೆ, ಕ್ರೋಮ್ ಕೂಡ 109ನೇ ಆವೃತ್ತಿಗೆ ಕೈಬಿಟ್ಟಿತು. 2017ರ ಮೇಯಲ್ಲಿ ವಾನಾಕ್ರೈ ಎಂಬ ಇಂಥದ್ದೇ ಬೀಗದ ವೈರಸ್ ಬಂದು ಕೇರಳದ ಪಂಚಾಯತ್ ಕಚೇರಿಗಳ ಕಂಪ್ಯೂಟರುಗಳಿಗೂ ಬೀಗ ಹಾಕಿದ್ದು ನೆನಪಿರಬಹುದು. ಅದರ ತೂತು ಮುಚ್ಚುವ ಅಪ್‌ಡೇಟ್ ಮಾರ್ಚಿಗೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅಡಿಕೆ ಲೆಕ್ಕ ಬರೆಯಲು ಏಳು ಸಾಕು, ನೆಟ್ ಬೇಡ ಎನ್ನುವವರಿಗೆ ನನ್ನ ತಕರಾರು ಇಲ್ಲ. ಅದರಲ್ಲಿ ಬ್ಯಾಂಕಿನ ಕೆಲಸ ಮಾಡುವವರಿಗೆ ಉಂಟು.

ಹತ್ತರಲ್ಲಿ ಇರುವವರು ಗಡಿಬಿಡಿ ಮಾಡಬೇಕಿಲ್ಲ. ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರ ತನಕ ಭದ್ರತಾ ಅಪ್‌ಡೇಟ್ ಮುಂದುವರಿಸುವ ಯೋಜನೆಯನ್ನು ಮೈಕ್ರೋಸಾಫ್ಟ್ ಘೋಷಿಸಿದೆ. 22ಎಚ್2 ಆವೃತ್ತಿ ಇರಬೇಕು. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗುಗಳನ್ನು ಬ್ಯಾಕಪ್ ಮಾಡಲು ಒಪ್ಪಿದರೆ ದುಡ್ಡು ಕೊಡಬೇಕಿಲ್ಲ, ಇಲ್ಲದಿದ್ದರೆ 30 ಡಾಲರ್. ಅಪ್‌ಡೇಟ್ ಪುಟದಲ್ಲೇ ಅದರ ಗುಂಡಿ ಇರುತ್ತದೆ. ಅಂಗಡಿಯ ಹುಡುಗ ಇದನ್ನು ಹೇಳುವುದಿಲ್ಲ, ಅವನಿಗೆ ಇದರಲ್ಲಿ ಆರುನೂರು ಹುಟ್ಟುವುದಿಲ್ಲವಲ್ಲ.

ಇನ್ನು ಲಿನಕ್ಸ್, ವಿಂಡೋಸಿನ ಬದಲಿಗೆ ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್. ನಾನು ಕನ್ನಡ ಮಾಧ್ಯಮ ಶಾಲೆಯ ಮಾಷ್ಟ್ರು. ಕಾಸರಗೋಡಿನ ನಮಗೆ ಲಿನಕ್ಸ್ ಹೊಸತಲ್ಲ. ಮೊದಲು ಐಟಿ@ಸ್ಕೂಲ್, ಈಗ ಕೈಟ್ ಹೆಸರಿನಲ್ಲಿ ಕೇರಳದ ಶಾಲೆಗಳಲ್ಲಿ ವರ್ಷಾನುಗಟ್ಟಲೆಯಿಂದ ಮಕ್ಕಳು ಕಲಿಯುವುದು ಉಬುಂಟು ಆಧಾರಿತ ಸಿಸ್ಟಮಿನಲ್ಲೇ. ಶಾಲೆಯಲ್ಲಿ ದುಡ್ಡಿಲ್ಲದೆ ಸಿಗುವ ಸಾಚಾ ಮಾಲು, ಮನೆಗೆ ಬಂದರೆ ದುಡ್ಡು ಕೊಟ್ಟು ಕಳ್ಳಮಾಲು! ಮಾವನ ಐ3ಗೆ ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಹಾಕಿದೆವು. ನುಡಿಯಲ್ಲಿ ಬೆರಳು ಪಳಗಿದ ಕೆಜಿಪಿ ಕೀಲಿಮಣೆ ಲಿನಕ್ಸಿನ ಟೈಪಿಂಗ್ ಸಾಧನವಾದ ಐಬಸ್‌ನಲ್ಲಿ ಸಿಗುತ್ತದೆ, ಹಾಗಾಗಿ ಟೈಪಿಂಗ್ ಹೊಸತಾಗಿ ಕಲಿಯಬೇಕಾಗಿ ಬರಲಿಲ್ಲ. ತಾಪತ್ರಯ ಮಾಡಿದ್ದು ಪ್ರಿಂಟರ್. ಅವರ ಹಳೆ ಲೇಸರ್ ಪ್ರಿಂಟರಿನಿಂದ ಒಂದು ಹಾಳೆ ಹೊರಗೆ ಬರುವಷ್ಟರಲ್ಲಿ ನನ್ನ ಒಂದು ಭಾನುವಾರ ಪೂರ್ತಿ ಹೋಯಿತು. ಪೇಜ್‌ಮೇಕರ್, ಕೋರಲ್‌ಡ್ರಾ ಬೇಕೇ ಬೇಕೆನ್ನುವ ಡಿಟಿಪಿಯವರು, ಡಿಜಿಟಲ್ ಸಹಿಯ ಟೋಕನ್ ಚುಚ್ಚಿ ಕೆಲಸ ಮಾಡುವವರು ಯಾರದೋ ಮಾತು ಕೇಳಿ ಲಿನಕ್ಸಿಗೆ ಹಾರಬೇಡಿ, ನನ್ನ ಮಾತನ್ನೂ ಸೇರಿಸಿ. ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಲಿಕ್ಕೆ ಬರುತ್ತದೆ, ಡಿಸ್ಕನ್ನು ಮುಟ್ಟಬೇಕಿಲ್ಲ. ಹಾಗೆ ಓಡಿಸಿ, ನಿಮ್ಮ ಪ್ರಿಂಟರ್, ನಿಮ್ಮ ವೈಫೈ, ನಿಮ್ಮದೇ ಒಂದು ಫೈಲು ನೋಡಿ. ಮತ್ತೆ ಲಿನಕ್ಸ್ ಆದರೂ ಹಳತಾಗುತ್ತದೆ: ಉಬುಂಟುವಿನ ಎಲ್‌ಟಿಎಸ್ ಎಂಬ ದೀರ್ಘಕಾಲದ ಆವೃತ್ತಿಗೆ ಸಾಮಾನ್ಯ ಅಪ್‌ಡೇಟ್ ಐದು ವರ್ಷ.

ಹನ್ನೊಂದೇ ಬೇಕಾದರೆ ಅರ್ಹ ಯಂತ್ರವನ್ನೇ ಕೊಳ್ಳಿ, ಸೆಕೆಂಡ್ ಹ್ಯಾಂಡ್ ಆದರೂ ಸರಿ. ಇಂಟೆಲಿನಲ್ಲಿ ಐ3, ಐ5ರ ಮುಂದಿನ ಸಂಖ್ಯೆ ನೋಡಿ: 8250 ಎಂದಿದ್ದರೆ ಎಂಟನೇ ತಲೆಮಾರು, 4130 ಎಂದಿದ್ದರೆ ನಾಲ್ಕು. 'ಐ7 ಸಾರ್, ಪವರ್‌ಫುಲ್' ಎಂದದ್ದಕ್ಕೆ ಮರುಳಾಗಬೇಡಿ, ನಾಲ್ಕನೇ ತಲೆಮಾರಿನ ಐ7ಗೂ ಪ್ರವೇಶ ಇಲ್ಲ. ಅಂಗಡಿಯಲ್ಲಿ ಸೆಟಪ್ ಮಾಡುವಾಗ ನಿಮ್ಮದೇ ಈಮೇಲ್ ಹಾಕಿಸಿ, ಪಕ್ಕದಲ್ಲಿ ಕೂತುಕೊಳ್ಳಿ. ಈಚಿನ ವಿಂಡೋಸ್ 11 ಹೊಸತಾಗಿ ಹಾಕುವಾಗ ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆದರೆ ಡಿಸ್ಕಿಗೆ ತಾನೇ ಬೀಗ ಹಾಕಿಕೊಳ್ಳುತ್ತದೆ. ಮುಂದೆ ಮದರ್‌ಬೋರ್ಡ್ ಬದಲಾದರೆ ಅಥವಾ ಬಯೋಸ್ ಅಪ್‌ಡೇಟ್ ಆದರೆ 48 ಅಂಕೆಯ ಕೀಲಿ ಕೇಳೀತು, ಆ ಕೀಲಿ ಇರುವುದು ಸೆಟಪ್ಪಿಗೆ ಯಾರ ಖಾತೆ ಕೊಟ್ಟರೋ ಅವರಲ್ಲಿ. ಅಂಗಡಿಯವನ ಖಾತೆ ಆಗಿದ್ದರೆ, ಅಂಗಡಿ ಇರುವಷ್ಟು ದಿನ ನಿಮ್ಮ ಫೈಲು ನಿಮ್ಮದು.