ದುಡ್ಡಿನ ಕೇಸಿಗೆ ಡಿಟೆಕ್ಟಿವ್ ಹಿಡಿಯೋ ಮೊದಲು ಇದನ್ನು ಓದಿ

ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ, ಇನ್ನೊಬ್ಬರು ಹೀಗೆ ಬೀಳಬಾರದು.

ಪಾಲುದಾರ ಸುಳ್ಳು ಬಿಲ್ ತೋರಿಸಿ ದುಡ್ಡು ಎತ್ತಿಕೊಂಡ. ಪೊಲೀಸರಿಗೆ ದೂರು ಕೊಟ್ಟೆ. ತಿಂಗಳುಗಟ್ಟಲೆ ಏನೂ ಕದಲಲಿಲ್ಲ. ಆಗ ಯಾರೋ ಹೇಳಿದರು ಅಂತ ಒಬ್ಬ ಖಾಸಗಿ ಡಿಟೆಕ್ಟಿವ್ ಹತ್ತಿರ ಹೋದೆ. "ಹತ್ತೇ ದಿನ ಸರ್, ಅವನ ಖಾತೆ ಸ್ಟೇಟ್‌ಮೆಂಟೇ ನಿಮ್ಮ ಕೈಗಿಡ್ತೀನಿ" ಅಂದ. ಅಲ್ಲೇ ಎದ್ದು ಬರಬೇಕಿತ್ತು. ಬೇರೆಯವರ ಖಾತೆ ವಿವರ ಹಾಗೆಲ್ಲ ಯಾರಿಗೋ ಸಿಗುತ್ತದಾ? ತನಿಖಾಧಿಕಾರಿ ಕೇಳಬೇಕು, ಇಲ್ಲ ಕೋರ್ಟ್ ಕೇಳಬೇಕು ಅಲ್ವಾ? ಗೊತ್ತಿತ್ತು ನನಗೆ. ಗೊತ್ತಿದ್ದೂ ಅಡ್ವಾನ್ಸ್ ಕೊಟ್ಟೆ.

ಹತ್ತನೇ ದಿನ ದಪ್ಪ ಫೈಲ್ ಬಂತು. ಅರ್ಧಕ್ಕಿಂತ ಜಾಸ್ತಿ ಕಂಪನಿ ನೋಂದಣಿ ದಾಖಲೆ, ಯಾರು ಬೇಕಾದರೂ ತೆಗೆಸಬಹುದಾದದ್ದು. ಕೊನೆಯಲ್ಲಿ ಆರು ಹಾಳೆ ಸ್ಟೇಟ್‌ಮೆಂಟ್. ಬ್ಯಾಂಕಿನ ಪ್ರಿಂಟ್ ಅಲ್ಲ, ಕಂಪ್ಯೂಟರ್ ಪರದೆಗೆ ಫೋನ್ ಹಿಡಿದು ಹೊಡೆದ ಫೋಟೋ. ಮೇಲೆ ಟ್ಯೂಬ್‌ಲೈಟ್ ಬೆಳಕು ಬಿದ್ದಿದೆ, ಮೂಲೆಯಲ್ಲಿ ಯಾರದ್ದೋ ಹೆಬ್ಬೆರಳು. ನನಗೆ ಅದ್ಯಾವುದೂ ಕಣ್ಣಿಗೆ ಬೀಳಲಿಲ್ಲ. ದುಡ್ಡು ಪಾಲುದಾರನ ಭಾವಮೈದುನನ ಸಂಸ್ಥೆಗೆ ಹೋದದ್ದು ಮಾತ್ರ ಕಂಡಿತು. ಸಿಕ್ಕಿಬಿದ್ದ ಅಂದುಕೊಂಡು ಅವತ್ತೇ ಸ್ಟೇಷನ್ನಿಗೆ ಓಡಿದೆ.

ತನಿಖಾಧಿಕಾರಿ ಆರೂ ಹಾಳೆ ತಿರುವಿ ನೋಡಿದರು. ಆ ಹೆಬ್ಬೆರಳಿನ ಮೇಲೆ ಪೆನ್ನಿಟ್ಟು ಕೇಳಿದರು: "ಇದು ಯಾರ ಕೈ?"

ಬಾಯಿ ಒಣಗಿತು. "ಕದ್ದು ತೆಗೆದದ್ದಾದರೆ ತೆಗೆದವನ ಮೇಲೂ ಕೇಸ್ ಆಗುತ್ತೆ, ತೆಗೆಸಿದ ನಿಮ್ಮ ಮೇಲೂ ಆಗಬಹುದು, ಗೊತ್ತಾ?" ಅಂದರು. ದೂರು ಕೊಟ್ಟವನು ನಾನು! ಕಳಕೊಂಡವನು ನಾನು! ಆ ಕುರ್ಚಿಯಲ್ಲಿ ಆರೋಪಿ ಥರ ತಲೆ ತಗ್ಗಿಸಿ ಕೂತಿದ್ದೆ.

ಹೊರಗೆ ಬಂದು ಡಿಟೆಕ್ಟಿವ್‌ಗೆ ಫೋನ್ ಮಾಡಿದೆ. "ಸೋರ್ಸ್ ಹೇಳೋಕಾಗಲ್ಲ ಸರ್." ಕೋರ್ಟಿಗೆ ಬಂದು ಸಾಕ್ಷಿ ಹೇಳ್ತೀರಾ ಅಂದರೆ, "ನಾವು ಮಾಹಿತಿ ಕೊಡ್ತೀವಿ ಅಷ್ಟೇ, ಸಾಕ್ಷಿ ಎಲ್ಲ ಒಪ್ಪಂದದಲ್ಲಿಲ್ಲ, ನೋಡಿ." ನೋಡಿದೆ. ನಿಜ, ಇರಲಿಲ್ಲ. ಫೋಟೋದ ಮೂಲ ಫೈಲಾದರೂ ಕೊಡಿ ಅಂದೆ. "ಡಿಲೀಟ್ ಮಾಡಿದ್ದೀವಿ ಸರ್, ನಿಮ್ಮ ಸೇಫ್ಟಿಗೇ." ನನ್ನ ಸೇಫ್ಟಿಯಂತೆ!

ಆಮೇಲೆ ವಕೀಲರು ಬಿಡಿಸಿ ಹೇಳಿದರು. ಸರಿಯಾಗಿ ಕೆಲಸ ಮಾಡುವವರೂ ಇದ್ದಾರಂತೆ. ಅವರು ಸಾರ್ವಜನಿಕ ದಾಖಲೆ ಹುಡುಕುತ್ತಾರೆ, ಬಿಲ್ಲಿನಲ್ಲಿರುವ ವಿಳಾಸಕ್ಕೆ ಹೋಗಿ ಅಂಗಡಿ ಇದೆಯೋ ಇಲ್ಲವೋ ನೋಡುತ್ತಾರೆ, ನಮ್ಮದೇ ಲೆಕ್ಕಪುಸ್ತಕ ಹಿಡಿದು ತಾಳೆ ಹಾಕುತ್ತಾರೆ, ಯಾವ ದಿನ ಯಾರಿಂದ ಏನು ಸಿಕ್ಕಿತು ಅಂತ ಬರೆದಿಡುತ್ತಾರೆ. ಡಿಜಿಟಲ್ ಫೈಲಾದರೆ ಮೂಲವನ್ನು ಮುಟ್ಟದೆ ಅದರ ಹ್ಯಾಶ್, ಅಂದರೆ ಫೈಲಿನಿಂದಲೇ ಲೆಕ್ಕಹಾಕಿದ ಬೆರಳಚ್ಚಿನಂಥ ಗುರುತು, ತೆಗೆದಿಡುತ್ತಾರೆ. ಎಸ್‌ಎಚ್‌ಎ-256 ಅನ್ನೋ ವಿಧಾನದಲ್ಲಾದರೆ 64 ಅಕ್ಷರ-ಅಂಕಿಗಳ ಗುರುತು, ಫೈಲಿನಲ್ಲಿ ಚೂರು ಬದಲಾದರೂ ಗುರುತು ಬೇರೆಯೇ ಬರುತ್ತದೆ. ಬೇಕಾದಾಗ ಕಟಕಟೆ ಹತ್ತಿ ಹೇಳುತ್ತಾರೆ. ನನ್ನವನು ಮೂಲ ಫೈಲನ್ನೇ ಅಳಿಸಿ ಕೂತಿದ್ದ. ಸುಳ್ಳು ಹೇಳಿ ಬ್ಯಾಂಕಿನಿಂದ ಬೇರೆಯವರ ವಿವರ ತೆಗೆಯುವುದನ್ನು ಅಮೆರಿಕದಲ್ಲಿ 1999ರಲ್ಲೇ ಕಾನೂನು ತಂದು ಅಪರಾಧ ಮಾಡಿದ್ದಾರೆ, ಅಷ್ಟು ಹಳೇ ಆಟ ಇದು.

ಮೊದಲ ದಿನವೇ ಕೇಳಿ: ಹೇಗೆ ತರ್ತೀರಿ, ಕೋರ್ಟಿಗೆ ಬರ್ತೀರಾ? ಬರೆದುಕೊಡಲ್ಲ ಅಂದರೆ ಎದ್ದು ಬನ್ನಿ. ಸೋರ್ಸ್ ಇದೆ ಅಂದರಂತೂ ನಿಲ್ಲಲೇಬೇಡಿ.

ಅಧಿಕಾರಿ ಈಗ ಬ್ಯಾಂಕಿಗೆ ಪತ್ರ ಬರೆದು ಅದೇ ಸ್ಟೇಟ್‌ಮೆಂಟನ್ನು ಕ್ರಮವಾಗಿ ತರಿಸುತ್ತಿದ್ದಾರೆ. ಅಷ್ಟರಲ್ಲಿ ಪಾಲುದಾರನಿಗೆ ವಾಸನೆ ಬಡಿದಿದೆ, ಈ ಡಿಟೆಕ್ಟಿವ್ ಕಡೆಯವನೇ ಅವನ ಆಫೀಸಿಗೆ ಫೋನ್ ಮಾಡಿ ವಿಚಾರಿಸಿದ್ದನಂತೆ. ಖಾತೆಯಲ್ಲಿ ಈಗ ಏನು ಉಳಿದಿದೆಯೋ. ನಿನ್ನೆ ರಾತ್ರಿ ಡಿಟೆಕ್ಟಿವ್ ಮೆಸೇಜ್ ಹಾಕಿದ್ದಾನೆ: "ಬಾಕಿ ಯಾವಾಗ ಕೊಡ್ತೀರಿ ಸರ್?"