ಎಕ್ಸ್‌ಚೇಂಜ್, ಫೋನ್ ವಾಲೆಟ್, ಹಾರ್ಡ್‌ವೇರ್ ವಾಲೆಟ್: ಮೂರನ್ನೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಾರ್ಡ್‌ವೇರ್ ವಾಲೆಟ್‌ಗೆ, ಅಂದರೆ ಕ್ರಿಪ್ಟೋದ ಕೀಯನ್ನು ಇಂಟರ್ನೆಟ್‌ನಿಂದ ದೂರ ಇಡುವ ಪುಟ್ಟ ಸಾಧನಕ್ಕೆ. ಕ್ರಿಪ್ಟೋ ವಿಷಯದಲ್ಲಿ ನಾನು ಮಾಡಿದ ಖರ್ಚಿನಲ್ಲಿ ಪೂರ್ತಿ ಸಾರ್ಥಕ ಅನ್ನಿಸಿದ್ದು ಅದೊಂದೇ. ನಾನು ಕೆಲಸ ಮಾಡುವುದು ಬೆಳಗಾವಿಯ ಉದ್ಯಮಬಾಗ್‌ನ ಒಂದು ಮಷಿನ್ ಶಾಪ್‌ನಲ್ಲಿ. ಚಹಾ ಹೊತ್ತಿಗೆ ಹುಡುಗರು ‘ಯಾವ ಕಾಯಿನ್ ತಗೋಬೇಕ್ರಿ ಸರ್’ ಅಂತ ಕೇಳುತ್ತಾರೆ. ತಗೊಂಡಿದ್ದನ್ನು ಎಲ್ಲಿಡಬೇಕು ಅಂತ ಕೇಳುವವರು ಕಮ್ಮಿ. ಬೆಲೆ ಬಿದ್ದರೆ ಏರುವ ತನಕ ಕಾಯಬಹುದು. ಇಟ್ಟ ಜಾಗದಿಂದಲೇ ಕಾಯಿನ್ ಹೋದರೆ ಕಾಯುವುದಕ್ಕೂ ಏನೂ ಉಳಿಯುವುದಿಲ್ಲ.

ನನ್ನ ರೀತಿ ಹೀಗೆ: ತಿಂಗಳಿಗೆ ಸ್ವಲ್ಪ ಬಿಟ್‌ಕಾಯಿನ್, ಆಗಾಗ ಸ್ವಲ್ಪ ಈಥರ್ ಅನ್ನುವ ಇನ್ನೊಂದು ಕಾಯಿನ್. ಮಗಳ ಕಾಲೇಜಿನ ಹೊತ್ತಿಗೆ ಅಂತ ಇಡುವುದು, ಮಧ್ಯೆ ಮುಟ್ಟುವುದಿಲ್ಲ. ದಿನಾ ಕೊಂಡು ಮಾರುವವರಿಗೆ ನನ್ನ ಅರ್ಧ ಮಾತು ಹೊಂದುವುದಿಲ್ಲ.

ಎಕ್ಸ್‌ಚೇಂಜ್ ಇಲ್ಲದೆ ಯಾರಿಗೂ ಶುರು ಮಾಡಲಾಗದು. ರೂಪಾಯಿ ಹಾಕಿ ಕಾಯಿನ್ ಕೊಳ್ಳುವುದು ಅಲ್ಲೇ. ಪಾಸ್‌ವರ್ಡ್ ಮರೆತರೆ ಹೊಸದು ಸಿಗುತ್ತದೆ, ಟಿಡಿಎಸ್ ಅವರೇ ಕತ್ತರಿಸುತ್ತಾರೆ, ವರ್ಷದ ಕೊನೆಗೆ ಲೆಕ್ಕವೂ ಕೊಡುತ್ತಾರೆ. ಆದರೆ ಕಾಯಿನ್ ಕಳಿಸುವ ಶಕ್ತಿ ಪ್ರೈವೇಟ್ ಕೀ, ಅಂದರೆ ಗುಟ್ಟಿನ ಒಂದು ಉದ್ದ ಸಂಖ್ಯೆ, ಯಾರ ಹತ್ತಿರ ಇದೆಯೋ ಅವರಿಗೆ ಮಾತ್ರ. ಎಕ್ಸ್‌ಚೇಂಜ್‌ನಲ್ಲಿ ಆ ಕೀ ಅವರ ಹತ್ತಿರ ಇರುತ್ತದೆ. ನಮ್ಮ ಪರದೆಯ ಮೇಲೆ ಕಾಣುವುದು ಅಂಗಡಿಯ ಖಾತೆ ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ ಬರೆದ ಮೊತ್ತ ಅಷ್ಟೇ. ಅಂಗಡಿ ತೆರೆದಿರುವ ತನಕ ಅದಕ್ಕೆ ಬೆಲೆ.

2024ರ ಜುಲೈ 18ರಂದು ವಜೀರ್‌ಎಕ್ಸ್ ಅನ್ನುವ ನಮ್ಮ ದೇಶದ ಎಕ್ಸ್‌ಚೇಂಜ್‌ನಿಂದ ಸುಮಾರು 23 ಕೋಟಿ ಡಾಲರ್ ಕಳುವಾಯಿತು. ನಮ್ಮ ಲೆಕ್ಕದಲ್ಲಿ ಎರಡು ಸಾವಿರ ಕೋಟಿ ರೂಪಾಯಿಗೆ ಹತ್ತಿರ. ಅವತ್ತೇ ಹಣ ತೆಗೆಯುವುದನ್ನು ನಿಲ್ಲಿಸಿದರು. ವಿಷಯ ಸಿಂಗಪುರದ ಕೋರ್ಟಿಗೆ ಹೋಯಿತು. ಗ್ರಾಹಕರ ಕ್ರಿಪ್ಟೋಗೆ ಮತ್ತೆ ಬಾಗಿಲು ತೆರೆದಿದ್ದು 2025ರ ಅಕ್ಟೋಬರ್‌ನಲ್ಲಿ. ಅದರ ಮಧ್ಯೆ, 2025ರ ಜುಲೈನಲ್ಲಿ, ಕಾಯಿನ್‌ಡಿಸಿಎಕ್ಸ್ ಅನ್ನುವ ಇನ್ನೊಂದು ಎಕ್ಸ್‌ಚೇಂಜ್‌ನಿಂದ ಸುಮಾರು 4.4 ಕೋಟಿ ಡಾಲರ್ ಹೋಯಿತು. ಅದು ಕಂಪನಿಯದೇ ಖಾತೆ, ಗ್ರಾಹಕರ ಹಣಕ್ಕೆ ತೊಂದರೆ ಇಲ್ಲ, ನಷ್ಟ ನಾವೇ ಭರಿಸುತ್ತೇವೆ ಅಂತ ಅವರು ಹೇಳಿದರು. ಒಂದೊಂದು ಕಂಪನಿಯ ಗತಿ ಒಂದೊಂದು ಥರ. ಯಾವುದು ಯಾವ ಥರ ಅಂತ ಮುಂಚೆ ಗೊತ್ತಾಗುವುದಿಲ್ಲ, ಅದೇ ನನ್ನ ಚಿಂತೆ. ಬ್ಯಾಂಕ್ ಮುಳುಗಿದರೆ 5 ಲಕ್ಷದ ತನಕ ಠೇವಣಿ ವಿಮೆ ಇದೆ. ಕ್ರಿಪ್ಟೋಗೆ ಅಂಥದ್ದೇನೂ ಇಲ್ಲ.

ಇನ್ನೊಂದು ಮಾತು. ಕೊಳ್ಳುವುದಕ್ಕೆ ಕೆಲವೇ ಸೆಕೆಂಡ್ ತೆಗೆದುಕೊಂಡ ಎಕ್ಸ್‌ಚೇಂಜ್, ಹೊರಗೆ ಕಳಿಸುತ್ತೇನೆ ಅಂದಾಗ ಮತ್ತೆ ಸೆಲ್ಫಿ ಕೇಳಿತು, ‘ಪರಿಶೀಲನೆಯಲ್ಲಿದೆ’ ಅಂತ ಕೂರಿಸಿತು. ಕೊನೆಗೆ ಬಂತು. ಅದು ಬರುವ ತನಕ ಆ ಕಾಯಿನ್ ನನ್ನದು ಅಂತ ಯಾವ ಧೈರ್ಯದ ಮೇಲೆ ಹೇಳಲಿ?

ಎರಡನೆಯದು ಫೋನ್ ವಾಲೆಟ್. ಮೆಟಾಮಾಸ್ಕ್, ಟ್ರಸ್ಟ್ ವಾಲೆಟ್ ಥರದ್ದು. ಪುಕ್ಕಟೆ. ಕೀ ನಮ್ಮ ಫೋನಿನಲ್ಲೇ ಇರುತ್ತದೆ, ಯಾವ ಕಂಪನಿಯೂ ತಡೆಹಿಡಿಯಲಾಗದು. ಇಷ್ಟು ಕೇಳಿದರೆ ಇದೇ ಸಾಕು ಅನ್ನಿಸುತ್ತದೆ. ಆದರೆ ಆ ಫೋನು ದಿನವಿಡೀ ಇಂಟರ್ನೆಟ್‌ನಲ್ಲಿರುತ್ತದೆ. ಅದರಲ್ಲೇ ವಾಟ್ಸಾಪ್, ಮಗಳ ಆಟ, ಯಾರೋ ಕಳಿಸಿದ ಮದುವೆ ಕಾರ್ಡಿನ ಎಪಿಕೆ ಫೈಲು.

ಇದರಲ್ಲಿ ನಾನು ಕಣ್ಣಾರೆ ಕಂಡಿದ್ದು ಹೇಳುತ್ತೇನೆ. ನಾನು ಒಮ್ಮೆ ಒಂದು ವಿಳಾಸಕ್ಕೆ (ಕ್ರಿಪ್ಟೋದಲ್ಲಿ ವಿಳಾಸ ಅಂದರೆ ಖಾತೆ ಸಂಖ್ಯೆ ಇದ್ದ ಹಾಗೆ) ಈಥರ್ ಕಳಿಸಿದ್ದೆ. ಆಮೇಲೆ ವ್ಯವಹಾರದ ಪಟ್ಟಿ ನೋಡಿದರೆ ಅದರ ಮೇಲೊಂದು ಹೊಸ ಸಾಲು. ಮೊತ್ತ ಸೊನ್ನೆ. ವಿಳಾಸದ ಮೊದಲ ನಾಲ್ಕು ಅಕ್ಷರ ಅವೇ, ಕೊನೆಯ ನಾಲ್ಕೂ ಅವೇ. ನಡುವೆ ಆ್ಯಪ್ ಮೂರು ಚುಕ್ಕೆ ಹಾಕಿತ್ತು. ಅದನ್ನು ಒತ್ತಿ ಪೂರ್ತಿ ವಿಳಾಸ ತೆರೆದರೆ ಒಳಗಿನ ಅಕ್ಷರಗಳು ಬೇರೆಯೇ. ಈಥರ್ ವಿಳಾಸದಲ್ಲಿ 40 ಅಕ್ಷರ-ಅಂಕಿ ಇರುತ್ತವೆ. ಎರಡೂ ತುದಿ ಹೊಂದುವ ಹಾಗೆ ಸುಳ್ಳು ವಿಳಾಸ ತಯಾರಿಸಿ, ನಮ್ಮ ಪಟ್ಟಿಯೊಳಗೆ ಸೇರಿಸುವುದು ಕಳ್ಳರ ರೂಢಿಯ ದಾರಿ. ಮುಂದಿನ ಸಲ ನಾವು ಪಟ್ಟಿಯಿಂದಲೇ ವಿಳಾಸ ಕಾಪಿ ಮಾಡುತ್ತೇವೆ ಅಂತ ಅವರ ಎಣಿಕೆ. ಕಳಿಸಿದ ಮೇಲೆ ವಾಪಸ್ ಇಲ್ಲ, ದೂರು ಕೊಟ್ಟರೂ ಆ ವಿಳಾಸ ಯಾರದ್ದು ಅಂತ ಹುಡುಕುವುದೇ ದೊಡ್ಡ ಕೆಲಸ.

ಅನುಮತಿಗಳದ್ದು ಬೇರೆ ಅಪಾಯ. ಯಾವುದೋ ಸೈಟಿಗೆ ವಾಲೆಟ್ ಜೋಡಿಸಿ ‘ಅಪ್ರೂವ್’ ಒತ್ತಿದರೆ, ನಮ್ಮಲ್ಲಿರುವ ಒಂದು ಟೋಕನ್ (ಕಾಯಿನ್ ಥರದ್ದೇ) ಎಷ್ಟಿದ್ದರೂ ತೆಗೆಯುವ ಅನುಮತಿ ಕೊಟ್ಟಿರಬಹುದು. ನಾವು ರದ್ದು ಮಾಡುವ ತನಕ ಅದು ಹಾಗೇ ಇರುತ್ತದೆ. ಹೀಗಾಗಿ ಫೋನ್ ವಾಲೆಟ್‌ನಲ್ಲಿ ನಾನು ಇಡುವುದು ಕಿಸೆಯಲ್ಲಿ ಇಡುವಷ್ಟು ದುಡ್ಡು ಮಾತ್ರ.

ಈಗ ನನ್ನ ಮೆಚ್ಚಿನದು. ಪೆನ್‌ಡ್ರೈವ್ ಗಾತ್ರದ ಸಾಧನ, ಎರಡು ಗುಂಡಿ, ಬೆರಳಗಲದ ಪರದೆ. ನನಗೆ ಬಿದ್ದ ಖರ್ಚು ಎಂಟು ಸಾವಿರದ ಆಸುಪಾಸು. ಇದನ್ನು ಮಾಡುವ ಕಂಪನಿಗಳಲ್ಲಿ ಟ್ರೆಝರ್ ಒಳ್ಳೆಯದೋ ಲೆಡ್ಜರ್ ಒಳ್ಳೆಯದೋ ಅನ್ನುವ ವಾದಕ್ಕೆ ನಾನು ಹೋಗುವುದಿಲ್ಲ, ಮೂಲ ಕೆಲಸ ಎರಡರದ್ದೂ ಒಂದೇ. ಕೀ ಹುಟ್ಟುವುದು ಈ ಸಾಧನದೊಳಗೆ. ಕಂಪ್ಯೂಟರಿನಿಂದ ವ್ಯವಹಾರದ ವಿವರ ಒಳಗೆ ಹೋಗುತ್ತದೆ, ಒಳಗೇ ಕೀಯಿಂದ ಡಿಜಿಟಲ್ ಸಹಿ ಬೀಳುತ್ತದೆ, ಸಹಿ ಮಾತ್ರ ಹೊರಗೆ ಬರುತ್ತದೆ. ಕಂಪ್ಯೂಟರಿನಲ್ಲಿ ವೈರಸ್ ಇದ್ದರೂ ಕೀ ಅದಕ್ಕೆ ಸಿಗುವುದಿಲ್ಲ.

ಪರದೆ ಚಿಕ್ಕದಾದರೂ ಅದೇ ಮುಖ್ಯ. 2025ರ ಫೆಬ್ರವರಿಯಲ್ಲಿ ಬೈಬಿಟ್ ಅನ್ನುವ ವಿದೇಶಿ ಎಕ್ಸ್‌ಚೇಂಜ್‌ನಿಂದ ಸುಮಾರು 150 ಕೋಟಿ ಡಾಲರ್ ಈಥರ್ ಹೋಯಿತಲ್ಲ, ಅಲ್ಲಿ ಸಹಿ ಮಾಡಿದವರ ಕಂಪ್ಯೂಟರ್ ತೋರಿಸಿದ್ದೇ ಒಂದು, ಸಹಿ ಬಿದ್ದಿದ್ದೇ ಇನ್ನೊಂದು. ಉತ್ತರ ಕೊರಿಯಾದ ಕೈವಾಡ ಅಂತ ಎಫ್‌ಬಿಐ ಹೇಳಿತು. ಅಷ್ಟು ದೊಡ್ಡವರಿಗೇ ಹೀಗಾದ ಮೇಲೆ ನಾನು ಲ್ಯಾಪ್‌ಟಾಪ್ ನೋಡಿ ಗುಂಡಿ ಒತ್ತುವುದಿಲ್ಲ. ಸಾಧನದ ಪರದೆಯಲ್ಲಿ ವಿಳಾಸವನ್ನು ಸರಿಸಿ ಸರಿಸಿ, ನಡುವಿನ ಅಕ್ಷರಗಳ ಸಮೇತ ಓದಿ, ಆಮೇಲೆ ಒತ್ತುತ್ತೇನೆ.

ಇದರಲ್ಲಿ ತಲೆನೋವು ಒಂದೇ, ಆದರೆ ದೊಡ್ಡದು. ಆ 24 ಪದಗಳು.

ಸಾಧನ ಮೊದಲ ಸಲ ಶುರುವಾದಾಗ ಒಂದೊಂದಾಗಿ ಇಂಗ್ಲಿಷ್ ಪದ ತೋರಿಸುತ್ತದೆ. 2048 ಪದಗಳ ಒಂದು ಸಾರ್ವಜನಿಕ ಪಟ್ಟಿಯಿಂದ ಆರಿಸಿದ ಪದಗಳು ಅವು. ಕೆಲವು ಮಾದರಿಗಳಲ್ಲಿ 12 ಇರುತ್ತವೆ, ನನ್ನದರಲ್ಲಿ 24. ಸಾಧನ ಕಳೆದರೂ ಸುಟ್ಟರೂ ಈ ಪದಗಳನ್ನು ಅದೇ ಕ್ರಮದಲ್ಲಿ ಹೊಸ ಸಾಧನಕ್ಕೆ ಕೊಟ್ಟರೆ ಎಲ್ಲ ವಾಪಸ್. ಬೇರೆ ಯಾರಾದರೂ ಕೊಟ್ಟರೆ ಎಲ್ಲ ಅವರದ್ದು. ಸಾಧನಕ್ಕಿಂತ ಈ ಪದಗಳೇ ಆಸ್ತಿ. ಅದನ್ನು ಬರೆದಿಡಲು ಪೆಟ್ಟಿಗೆಯಲ್ಲಿ ಕೊಟ್ಟಿದ್ದು ಒಂದು ದಪ್ಪ ಕಾಗದ.

ಬೆಳಗಾವಿಯ ಮಳೆಗಾಲ ಗೊತ್ತಿದ್ದವರಿಗೆ ಕಾಗದದ ಗತಿ ಹೇಳಬೇಕಿಲ್ಲ. ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್ ತನಕ ಗೋಡೆ ಒಣಗುವುದಿಲ್ಲ. ನಮ್ಮ ತಿಜೋರಿಯಲ್ಲಿಟ್ಟ ಮಾರ್ಕ್ಸ್ ಕಾರ್ಡಿಗೂ ಬೂಷ್ಟು ಹಿಡಿದಿದೆ. ಲ್ಯಾಮಿನೇಷನ್ ಮಾಡಿಸೋಣ ಅಂದರೆ ಅಂಗಡಿಯವರ ಕೈಗೆ ಕೊಡಬೇಕು. ಝೆರಾಕ್ಸ್ ಅಂತೂ ಬೇಡವೇ ಬೇಡ. ಫೋಟೋ ತೆಗೆದರೆ ಫೋನಿನಿಂದ ಸೀದಾ ಕ್ಲೌಡ್‌ಗೆ ಹೋಗುತ್ತದೆ, ಎಂಟು ಸಾವಿರ ಕೊಟ್ಟು ಇಂಟರ್ನೆಟ್‌ನಿಂದ ದೂರ ಇಟ್ಟಿದ್ದು ಅಲ್ಲಿಗೇ ಬಂತು. ಕನ್ನಡ ಲಿಪಿಯಲ್ಲಿ ಬರೆದಿಡುವುದೂ ಸರಿಯಲ್ಲ. ಆ ಪಟ್ಟಿಯಲ್ಲಿ ‘ರೈಟ್’ ಅಂತ ಕೇಳಿಸುವ ಎರಡು ಪದ ಇವೆ, ಒಂದು ಆರ್‌ನಿಂದ ಶುರು, ಇನ್ನೊಂದು ಡಬ್ಲ್ಯೂನಿಂದ. ಇಂಗ್ಲಿಷ್ ಕಾಗುಣಿತವೇ ಬೇಕು.

ಹಾಗಾಗಿ ಸ್ಟೀಲಿಗೆ ಹೋದೆ. ಖಡೇಬಜಾರಿನ ಪಾತ್ರೆ ಅಂಗಡಿಯಲ್ಲಿ ತಟ್ಟೆ-ಲೋಟದ ಮೇಲೆ ಹೆಸರು ಕೆತ್ತಿಕೊಡುತ್ತಾರೆ, ಆದರೆ ಇದನ್ನು ಇನ್ನೊಬ್ಬರಿಂದ ಕೆತ್ತಿಸುವ ಹಾಗಿಲ್ಲ. ನಮ್ಮ ಶಾಪ್‌ನ ಸ್ಕ್ರಾಪ್‌ನಲ್ಲಿ 304 ಸ್ಟೇನ್‌ಲೆಸ್‌ನ ತುಂಡು ಕೇಳಿ ತಗೊಂಡೆ. ಮೂರು ಎಂಎಂ ಅಕ್ಷರದ ಪಂಚ್ ಸೆಟ್ಟು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ಕೂತೆ.

ಈ ಪಟ್ಟಿಯನ್ನು ಮಾಡಿದವರು ಒಂದು ಒಳ್ಳೆ ಕೆಲಸ ಮಾಡಿದ್ದಾರೆ: ಮೊದಲ ನಾಲ್ಕು ಅಕ್ಷರ ಗೊತ್ತಿದ್ದರೆ ಪದ ಯಾವುದು ಅಂತ ಖಚಿತ. ಹಾಗಾಗಿ ಹೆಚ್ಚೆಂದರೆ 96 ಅಕ್ಷರ ಹೊಡೆದರೆ ಮುಗಿಯಿತು. ತಗಡಿನ ಅಡಿಗೆ ಭಾರದ ಕಬ್ಬಿಣ ಇರಲಿ, ಇಲ್ಲದಿದ್ದರೆ ಪ್ರತಿ ಏಟಿಗೂ ಹಾರುತ್ತದೆ, ಅಕ್ಷರ ಎರಡೆರಡಾಗಿ ಬೀಳುತ್ತದೆ. ಒಂದೇ ಗಟ್ಟಿ ಏಟು ಕೊಡಬೇಕು. ಪಂಚ್ ತಲೆಕೆಳಗಾದರೆ ಎಮ್ ಡಬ್ಲ್ಯೂ ಥರ ಕಾಣುತ್ತದೆ, ಅಡ್ಡ ಹಿಡಿದರೆ ಎನ್ ಝಡ್ ಆಗುತ್ತದೆ. ಅದಕ್ಕೆ ಪ್ರತಿ ಪಂಚ್‌ನ ಪಕ್ಕಕ್ಕೆ ಮಾರ್ಕರ್‌ನಿಂದ ಗೆರೆ ಎಳೆದು, ಗೆರೆ ಯಾವಾಗಲೂ ನನ್ನ ಕಡೆಗೇ ಇರುವ ಹಾಗೆ ಹಿಡಿದೆ. ಪ್ರತಿ ಪದದ ಮುಂದೆ ಕ್ರಮಸಂಖ್ಯೆಯನ್ನೂ ಹೊಡೆದೆ. ಕೈ ಜುಮುಜುಮು ಅಂದಿತು, ಆದರೆ ಇನ್ನು ಬೂಷ್ಟಿಗೂ ಗೆದ್ದಲಿಗೂ ಮನೆಯ ಬೆಂಕಿಗೂ ಹೆದರಬೇಕಿಲ್ಲ.

ಅಷ್ಟಕ್ಕೇ ಬಿಡಬಾರದು. ಸಾಧನಕ್ಕೆ ಮೊದಲು ಚಿಲ್ಲರೆ ಮೊತ್ತ ಕಳಿಸಿದೆ. ಆಮೇಲೆ ಸಾಧನವನ್ನು ಪೂರ್ತಿ ಅಳಿಸಿ, ಕಾಗದ ಮುಟ್ಟದೆ, ತಗಡನ್ನು ಮಾತ್ರ ಓದಿ ಪದಗಳನ್ನು ಮತ್ತೆ ತುಂಬಿದೆ. ಆ ಚಿಲ್ಲರೆ ಮೊತ್ತ ಪರದೆಯ ಮೇಲೆ ಮತ್ತೆ ಕಂಡಾಗಲೇ ಉಳಿದದ್ದನ್ನು ಕಳಿಸಿದ್ದು. ಕಾಗದವನ್ನು ಒಲೆಗೆ ಹಾಕಿದೆ.

ನನ್ನ ಹೆಂಡತಿ ಕೇಳಿದ ಒಂದೇ ಪ್ರಶ್ನೆ: ‘ನಿಮಗೇನಾರ ಆದ್ರ ನಾ ಇದನ್ನ ಹ್ಯಾಂಗ ತಗೀಬೇಕ್ರಿ?’ ಈ ಒಂದು ವಿಷಯದಲ್ಲಿ ಎಕ್ಸ್‌ಚೇಂಜ್ ಮುಂದಿದೆ. ಅಲ್ಲಿ ಮರಣ ಪ್ರಮಾಣಪತ್ರ, ವಾರಸಾ ಕಾಗದ ಹಿಡಿದು ಕೇಳಬಹುದಾದ ಒಂದು ಕಂಪನಿ ಇರುತ್ತದೆ. ಇಲ್ಲಿ ತಗಡು ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ಅವಳಿಗಾಗಿ ಕನ್ನಡದಲ್ಲಿ ಒಂದು ಪುಟ ಬರೆದಿದ್ದೇನೆ. ಅದರಲ್ಲಿ ಪದಗಳಿಲ್ಲ. ಯಾವ ಸಾಧನ ಕೊಳ್ಳಬೇಕು, ಯಾವ ಆ್ಯಪ್ ಹಾಕಬೇಕು, ಯಾರು ಫೋನ್ ಮಾಡಿ ಪದ ಕೇಳಿದರೂ ಹೇಳಬಾರದು ಅಂತ ಇದೆ. ಚಿಲ್ಲರೆ ಮೊತ್ತದ ಪ್ರಯೋಗವನ್ನು ಅವಳ ಕೈಯಿಂದಲೂ ಮಾಡಿಸಿದ್ದೇನೆ.

ತೆರಿಗೆ ಬಗ್ಗೆ: ನಮ್ಮದೇ ವಾಲೆಟ್‌ಗೆ ಕಳಿಸುವುದು ಮಾರಾಟ ಅಲ್ಲ. ಲಾಭದ ಮೇಲಿನ ಶೇ 30, ಟಿಡಿಎಸ್‌ನ ಶೇ 1, ಎರಡೂ ಮಾರಿದಾಗ. ಕೊಂಡ ದಿನ, ಬೆಲೆ ಎಲ್ಲ ನಾವೇ ಬರೆದಿಟ್ಟುಕೊಳ್ಳಬೇಕು.

ಮಾರುವಾಗ ನಾನು ಎಕ್ಸ್‌ಚೇಂಜ್‌ಗೇ ವಾಪಸ್ ಕಳಿಸುತ್ತೇನೆ. ಟೆಲಿಗ್ರಾಂನಲ್ಲಿ ಸಿಕ್ಕವರಿಗೆ ನೇರವಾಗಿ ಮಾರಿದರೆ, ಅವರು ಹಾಕುವ ರೂಪಾಯಿ ವಂಚನೆಯದ್ದಾಗಿದ್ದರೆ ನಮ್ಮ ಬ್ಯಾಂಕ್ ಖಾತೆ ಫ್ರೀಜ್ ಆಗುತ್ತದೆ.

ತಿಂಗಳಿಗೆ ಐನೂರು ಹಾಕುವ ನಮ್ಮ ಶಾಪ್‌ನ ಹುಡುಗರಿಗೆ ನಾನು ಸಾಧನ ಕೊಳ್ಳಿ ಅನ್ನುವುದಿಲ್ಲ. ಎಫ್‌ಐಯುನಲ್ಲಿ (ಅನುಮಾನದ ಹಣ ವ್ಯವಹಾರಗಳ ಮೇಲೆ ಕಣ್ಣಿಡುವ ಕೇಂದ್ರ ಸರ್ಕಾರದ ಸಂಸ್ಥೆ) ನೋಂದಾಯಿಸಿದ ಎಕ್ಸ್‌ಚೇಂಜ್ ಇರಲಿ, ಹೊರಗೆ ಕಳಿಸಲು ಬಿಡುತ್ತದಾ ಅಂತ ಮೊದಲೇ ಸಣ್ಣ ಮೊತ್ತದಿಂದ ನೋಡಿಕೊಳ್ಳಲಿ, ಎಸ್‌ಎಂಎಸ್ ಓಟಿಪಿ ಬದಲು ಫೋನಿನಲ್ಲೇ ಕೋಡ್ ಹುಟ್ಟಿಸುವ ಅಥೆಂಟಿಕೇಟರ್ ಆ್ಯಪ್ ಹಾಕಲಿ. ಎಂಬತ್ತು ಸಾವಿರ ದಾಟಿದರೆ, ಅಂದರೆ ಸಾಧನದ ಬೆಲೆ ಒಟ್ಟು ಮೊತ್ತದ ಹತ್ತರಲ್ಲಿ ಒಂದು ಪಾಲಿಗಿಂತ ಕಮ್ಮಿ ಆದರೆ, ಕೊಳ್ಳಲೇಬೇಕು. ನಾನೂ ಪ್ರತಿ ತಿಂಗಳು ಕಳಿಸುವುದಿಲ್ಲ, ಶುಲ್ಕ ಜಾಸ್ತಿಯಾಗುತ್ತದೆ. ಸ್ವಲ್ಪ ಕೂಡಿದ ಮೇಲೆ ಒಟ್ಟಿಗೆ ಕಳಿಸುತ್ತೇನೆ.

ಕೊಳ್ಳುವುದಿದ್ದರೆ ಕಂಪನಿಯಿಂದ ಇಲ್ಲವೇ ಅವರು ತಮ್ಮ ಸೈಟಿನಲ್ಲಿ ಹೆಸರಿಸಿದ ಮಾರಾಟಗಾರರಿಂದ ಹೊಸದನ್ನೇ ಕೊಳ್ಳಿ, ಸೆಕೆಂಡ್ ಹ್ಯಾಂಡ್ ಬೇಡ. 2020ರಲ್ಲಿ ಲೆಡ್ಜರ್ ಗ್ರಾಹಕರ ಹೆಸರು, ವಿಳಾಸ ಸೋರಿ, ಆಮೇಲೆ ಕೆಲವರ ಮನೆಗೆ ನಕಲಿ ಸಾಧನವೇ ಅಂಚೆಯಲ್ಲಿ ಬಂದಿತ್ತು. ಅದಕ್ಕೆ ಪಾರ್ಸೆಲ್‌ಗೆ ಕೆಲಸದ ಜಾಗದ ವಿಳಾಸ ಕೊಡಿ. ಪೆಟ್ಟಿಗೆ ತೆರೆದಾಗ ಪದಗಳನ್ನು ಮೊದಲೇ ಬರೆದಿಟ್ಟ ಕಾರ್ಡ್ ಸಿಕ್ಕರೆ ಒಂದು ರೂಪಾಯಿಯನ್ನೂ ಅದಕ್ಕೆ ಕಳಿಸಬೇಡಿ. ಆ ಪದಗಳು ಬರೆದವನ ಹತ್ತಿರವೂ ಇವೆ.